ಫಲಿತಾಂಶದ ಹಲಗೆ ಹೇಳದ ಮಾತು

"ತಮ್ಮಾ, ನೀ ಕಂಪ್ಯೂಟರ್ ಕೆಲಸದಾಂವ. ಐವತ್ತು ವರ್ಷದ ಎಸ್.ಎಸ್.ಎಲ್.ಸಿ. ರಿಸಲ್ಟ್ ಎಲ್ಲಾ ಕೂಡಿಸಿ ಸಂಚಿಕೆಗೆ ಒಂದು ಚಾರ್ಟ್ ಮಾಡಿಕೊಡು" ಎಂದು ಸುವರ್ಣ ಮಹೋತ್ಸವ ಸಮಿತಿಯ ಹಿರಿಯರು ಫೋನ್ ಮಾಡಿದರು. ಒಪ್ಪಿಕೊಂಡೆ. ದಸರಾ ರಜೆಗೆ ಊರಿಗೆ ಬಂದಾಗ ಶಾಲೆಯ ವರಾಂಡದಲ್ಲಿ ಕುಳಿತು, ಗೋಡೆಯ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ವರ್ಷವಾರು ಶೇಕಡಾವಾರುಗಳನ್ನು ಲ್ಯಾಪ್‌ಟಾಪಿಗೆ ಇಳಿಸತೊಡಗಿದೆ.

ನಮ್ಮ ಬ್ಯಾಚಿನ ಸಾಲಿಗೆ ಬಂದಾಗ ಕೈ ನಿಂತಿತು. ಆ ವರ್ಷ ಫಲಿತಾಂಶ ಬಹಳ ಚೆನ್ನಾಗಿತ್ತು. ಅದು ಯಾಕೆ ಚೆನ್ನಾಗಿತ್ತು ಎಂಬುದು ಆ ಕೊಠಡಿಯಲ್ಲಿ ಕುಳಿತಿದ್ದ ನಮಗೆಲ್ಲ ಗೊತ್ತು. ಒಂಬತ್ತನೇ ತರಗತಿ ದಾಟಿ ಹತ್ತಕ್ಕೆ ಬಂದಾಗ ಹಿಂದಿನ ಮೂರು ಬೆಂಚು ಖಾಲಿಯಾಗಿದ್ದವು. ಗಣಿತ, ಇಂಗ್ಲಿಷಿನಲ್ಲಿ ಕಷ್ಟಪಡುತ್ತಿದ್ದವರನ್ನು ಒಂಬತ್ತರಲ್ಲೇ ನಿಲ್ಲಿಸಲಾಗಿತ್ತು. ಅವರಲ್ಲಿ ಕೆಲವರು ಮತ್ತೆ ಶಾಲೆಯ ಕಡೆ ಬರಲಿಲ್ಲ. ಪರೀಕ್ಷೆಗೇ ಕೂರದವರು ಫೇಲಾಗುವುದಿಲ್ಲವಲ್ಲ!

ಇದನ್ನು ನಮ್ಮ ಗುರುಗಳ ಮೇಲಿನ ದೂರಾಗಿ ಬರೆಯುತ್ತಿಲ್ಲ. ಆಗ ಅನೇಕ ಕಡೆ ಹೀಗೆಯೇ ನಡೆಯುತ್ತಿತ್ತು. ಶೇಕಡಾವಾರು ಇಳಿದರೆ ಮೇಲಿನ ಸಭೆಗಳಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾದವರು ಅವರೇ. ಶಾಲೆಯ ಯೋಗ್ಯತೆಯನ್ನು ಒಂದು ಅಂಕಿಯಿಂದ ಅಳೆಯುವ ಈ ರೂಢಿ ಎಲ್ಲಿಂದ ಬಂತು ಎಂದು ಹುಡುಕಿದಾಗ, ಅದರ ಬೇರು ಬಹಳ ಹಿಂದಕ್ಕೆ, ಇಂಗ್ಲೆಂಡಿಗೆ ಹೋಯಿತು.

1862ರಲ್ಲಿ ರಾಬರ್ಟ್ ಲೋ ಎಂಬ ಆಡಳಿತಗಾರ ಅಲ್ಲಿ 'ಫಲಿತಾಂಶಕ್ಕೆ ತಕ್ಕ ಹಣ' ಎಂಬ ನಿಯಮ ತಂದ. ಇನ್ಸ್‌ಪೆಕ್ಟರ್ ಬಂದು ಪ್ರತಿ ಮಗುವಿನ ಓದು, ಬರಹ, ಲೆಕ್ಕ ಪರೀಕ್ಷಿಸಬೇಕು; ಒಂದೊಂದರಲ್ಲಿ ಫೇಲಾದರೂ ಶಾಲೆಯ ಅನುದಾನದಲ್ಲಿ 2 ಶಿಲ್ಲಿಂಗ್ 8 ಪೆನ್ಸ್ ಕಡಿತ. ಕೆಲವೇ ವರ್ಷಗಳಲ್ಲಿ ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿ ಒಪ್ಪಿಸತೊಡಗಿದರು. ಆ ಮೂರು ವಿಷಯ ಬಿಟ್ಟು ಉಳಿದದ್ದು ಸೊರಗಿತು. ಕವಿಯೂ ಶಾಲಾ ಇನ್ಸ್‌ಪೆಕ್ಟರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ತನ್ನ ವರದಿಗಳಲ್ಲಿ ಇದನ್ನು ಖಂಡಿಸುತ್ತಲೇ ಬಂದ. ಅದೇ ಪದ್ಧತಿ ಕಡಲು ದಾಟಿ ಮದ್ರಾಸ್ ಮತ್ತು ಬಾಂಬೆ ಪ್ರಾಂತ್ಯಗಳಿಗೂ ಬಂತು. ನಮ್ಮ ಹಾವೇರಿ, ಧಾರವಾಡದ ಭಾಗ ಆಗ ಬಾಂಬೆ ಪ್ರಾಂತ್ಯದಲ್ಲೇ ಇತ್ತು. ಕೊನೆಗೆ 1904ರಲ್ಲಿ, ಕರ್ಜನ್ ಕಾಲದ ಶಿಕ್ಷಣ ನೀತಿಯ ಗೊತ್ತುವಳಿ ಈ ಪದ್ಧತಿಯನ್ನು ಕೈಬಿಟ್ಟಿತು. ಪರೀಕ್ಷೆಯ ಹಾವಳಿ ಅತಿಯಾಯಿತೆಂದು ಸರ್ಕಾರವೇ ಅದರಲ್ಲಿ ಒಪ್ಪಿಕೊಂಡಿತು.

ಎಸ್.ಎಸ್.ಎಲ್.ಸಿ. ಹುಟ್ಟಿದ್ದು ಆ ತಿದ್ದುಪಡಿಯ ಗಾಳಿಯಲ್ಲೇ. ಹೆಸರನ್ನು ಬಿಡಿಸಿ ನೋಡಿ: ಸೆಕೆಂಡರಿ ಸ್ಕೂಲ್ ಲೀವಿಂಗ್ ಸರ್ಟಿಫಿಕೇಟ್. ಶಾಲೆ ಬಿಡುವಾಗ ಕೊಡುವ ಪ್ರಮಾಣಪತ್ರ, ಅಷ್ಟೇ. ಒಂದು ಪರೀಕ್ಷೆಯ ಅಂಕದ ಜೊತೆ ಶಾಲೆಯಲ್ಲಿ ಮಾಡಿದ ಕೆಲಸದ ದಾಖಲೆಯೂ ಇರಬೇಕೆಂಬುದು ಮೂಲ ಆಶಯವಾಗಿತ್ತು. ಕಾಲ ಕಳೆದಂತೆ ದಾಖಲೆ ಹಿಂದೆ ಸರಿದು ಪರೀಕ್ಷೆ ಮಾತ್ರ ಉಳಿಯಿತು. 1966ರಲ್ಲಿ ನಮ್ಮ ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂತು. ನಮ್ಮ ಶಾಲೆ ಹುಟ್ಟುವ ಹೊತ್ತಿಗೆ 'ರಿಸಲ್ಟ್' ಎಂಬ ಮಾತು ಊರಿನ ಮಾನದ ಮಾತಾಗಿತ್ತು.

ನಾನು ಪರೀಕ್ಷೆಯ ವಿರೋಧಿಯಲ್ಲ. ನನ್ನ ಉತ್ತರ ಪತ್ರಿಕೆ ತಿದ್ದಿದವರಿಗೆ ನನ್ನ ಅಪ್ಪ ಯಾರು, ಜಾತಿ ಯಾವುದು, ಊರು ಯಾವುದು ಎಂದು ಗೊತ್ತಿರಲಿಲ್ಲ. ಒಂದು ನೋಂದಣಿ ಸಂಖ್ಯೆ ಮಾತ್ರ. ಆ ಸಂಖ್ಯೆಯೇ ನನ್ನನ್ನು ಬಿ.ಇ.ವರೆಗೆ ಕರೆದೊಯ್ಯಿತು. ವಶೀಲಿ ಇಲ್ಲದ ಮನೆಯ ಮಗುವಿಗೆ ಇದು ಸಣ್ಣ ಮಾತಲ್ಲ. ತೊಡಕು ಬರುವುದು ಮಗುವನ್ನು ಅಳೆಯುವ ಕೋಲಿನಿಂದಲೇ ಶಾಲೆಯನ್ನೂ, ಶಿಕ್ಷಕರನ್ನೂ, ಇಡೀ ಜಿಲ್ಲೆಯನ್ನೂ ಅಳೆಯಲು ಹೊರಟಾಗ. ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ 1970ರ ದಶಕದಲ್ಲಿ ಇದನ್ನೇ ಹೇಳಿದ: ಒಂದು ಅಂಕಿಯ ಮೇಲೆ ತೀರ್ಮಾನಗಳು ನಿಂತಷ್ಟೂ ಆ ಅಂಕಿ ಕೆಡುತ್ತದೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹಾಗೇ. ಯಾರು ಎಷ್ಟು ದೋಷ ಸರಿಪಡಿಸಿದರು ಎಂದು ಎಣಿಸತೊಡಗಿದರೆ ಒಂದೇ ದೋಷವನ್ನು ಮೂರಾಗಿ ಬರೆದುಕೊಳ್ಳುವವರು ಹುಟ್ಟುತ್ತಾರೆ.

2009ರ ಶಿಕ್ಷಣ ಹಕ್ಕು ಕಾಯ್ದೆ 8ನೇ ತರಗತಿವರೆಗೆ ಮಕ್ಕಳನ್ನು ಫೇಲು ಮಾಡುವುದನ್ನು, ಬೋರ್ಡ್ ಪರೀಕ್ಷೆ ನಡೆಸುವುದನ್ನು ನಿಲ್ಲಿಸಿತು. ಒಂಬತ್ತನೇ ತರಗತಿ ಅದರ ಆಚೆ ಉಳಿಯಿತು. 2019ರ ತಿದ್ದುಪಡಿಯಿಂದ 5 ಮತ್ತು 8ನೇ ತರಗತಿಗಳಲ್ಲಿ ಪರೀಕ್ಷೆಗೆ ಮತ್ತೆ ದಾರಿಯಾಯಿತು. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯದ 5, 8, 9ನೇ ತರಗತಿಗಳ ಬೋರ್ಡ್ ಪರೀಕ್ಷೆ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಅಲೆದು, ಶುರುವಾಗಿ, ನಡುವೆ ನಿಂತು, ಮತ್ತೆ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು.

ಅದೇ ವರ್ಷದ ಎಸ್.ಎಸ್.ಎಲ್.ಸಿ. ಇನ್ನೂ ಸ್ವಾರಸ್ಯ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟೊಂದು ದಡ್ಡರಾದರೇ? ಅಥವಾ ಹಿಂದಿನ ಅಂಕಿಗಳು ನಮಗೆ ಬೇರೇನನ್ನೋ ಹೇಳುತ್ತಿದ್ದವೇ? ಆ ವರ್ಷ ಉಡುಪಿ ಮೊದಲ ಸ್ಥಾನ, ಯಾದಗಿರಿ ಕೊನೆಯ ಸ್ಥಾನ. ಪತ್ರಿಕೆಗಳಲ್ಲಿ ಜಿಲ್ಲೆಗಳ ಪಟ್ಟಿ ಬಂತು. ಎಷ್ಟು ಶಾಲೆಗಳಲ್ಲಿ ಗಣಿತದ ಹುದ್ದೆ ಖಾಲಿ ಇದೆ, ಎಷ್ಟು ಮಕ್ಕಳು ಹತ್ತಿ ಬಿಡಿಸಲು ಹೋಗಿ ತರಗತಿ ತಪ್ಪಿಸುತ್ತಾರೆ ಎಂಬ ಅಂಕಣ ಆ ಪಟ್ಟಿಯಲ್ಲಿರುವುದಿಲ್ಲ.

ಹಿಂದಿನ ಬೆಂಚಿನಲ್ಲಿದ್ದ ನನ್ನ ಗೆಳೆಯನೊಬ್ಬ ಈಗ ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟ ಪಂಪ್‌ಸೆಟ್ಟಿನ ತಾಮ್ರದ ತಂತಿ ಎಷ್ಟು ಸುತ್ತು, ಯಾವ ಗೇಜು ಎಂದು ಕಾಗದವಿಲ್ಲದೆ ಲೆಕ್ಕ ಹಾಕುತ್ತಾನೆ. ಮಹೋತ್ಸವಕ್ಕೆ ಬರುತ್ತೀಯಾ ಎಂದು ಕೇಳಿದೆ. "ನಾ ಆ ಶಾಲಿ ಪಾಸ್ ಆದಾಂವ ಅಲ್ಲಲೇ, ನನಗ್ಯಾಕ ಕಾರ್ಡ್ ಕೊಡ್ತಾರ" ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ಅವನ ಮಾತು ಸುಳ್ಳಾಗಿರಲಿಲ್ಲ. ಈ ಸಂಚಿಕೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಎಸ್.ಎಸ್.ಎಲ್.ಸಿ. ಪಾಸಾದವರ ದಾಖಲೆಯಿಂದಲೇ ಸಿದ್ಧಪಡಿಸಲಾಗುತ್ತಿತ್ತು. ದಾಖಲಾತಿ ರಿಜಿಸ್ಟರಿನಿಂದ ಮಾಡೋಣ, ಟೈಪ್ ಮಾಡುವ ಕೆಲಸ ನನಗಿರಲಿ ಎಂದು ಸಮಿತಿಯವರನ್ನು ಕೇಳಿಕೊಂಡೆ, ಅವರು ಒಪ್ಪಿದರು. ಮೊದಲಿನ ಎರಡು ರಿಜಿಸ್ಟರುಗಳ ಕೆಲವು ಹಾಳೆಗಳನ್ನು ಗೆದ್ದಲು ತಿಂದಿದೆ. ನಿಮ್ಮ ಹೆಸರಾಗಲಿ, ನಿಮ್ಮ ಜೊತೆ ಕಲಿತವರ ಹೆಸರಾಗಲಿ ಬಿಟ್ಟುಹೋಗಿದ್ದರೆ ಶಾಲೆಯ ಕಚೇರಿಗೆ ತಿಳಿಸಿ, ಸೇರಿಸುತ್ತೇನೆ.