ರಕ್ತಪೂರಣ ಮತ್ತು ಗಾಯಾಳುಗಳ ಕ್ಯಾಲ್ಸಿಯಂ ಕೊರತೆ

ಭಾರೀ ಗಾಯದಿಂದ ರಕ್ತ ಕಳೆದುಕೊಂಡವರಿಗೆ ಒಂದರ ಹಿಂದೊಂದು ಚೀಲ ರಕ್ತ ಏರಿಸುತ್ತಿರುವಾಗ ಅವರ ರಕ್ತದಲ್ಲಿ ಅಯಾನು ರೂಪದ ಕ್ಯಾಲ್ಸಿಯಂ ಕುಸಿಯುವ ಸ್ಥಿತಿ. ರಕ್ತವನ್ನು ಕೆಡದಂತೆ ಕೂಡಿಡುವ ವಿದ್ಯೆಯ ಬೆನ್ನಿಗೇ ಬಂದ ತೊಡಕಿದು.

ಹೃದಯದ ಬಡಿತಕ್ಕೆ ಕ್ಯಾಲ್ಸಿಯಂ ಬೇಕೆಂದು ಲಂಡನ್ನಿನ ಸಿಡ್ನಿ ರಿಂಗರ್ 1883ರಲ್ಲಿ ತೋರಿಸಿದ. ಅದು ತಿಳಿದದ್ದು ಆಕಸ್ಮಿಕವಾಗಿ: ನಲ್ಲಿ ನೀರಿನಲ್ಲಿ ಮಾಡಿದ ಲವಣದ್ರಾವಣದಲ್ಲಿ ಚೆನ್ನಾಗಿ ಬಡಿಯುತ್ತಿದ್ದ ಕಪ್ಪೆಯ ಹೃದಯ, ಬಟ್ಟಿ ಇಳಿಸಿದ ನೀರು ಬಳಸಿದಾಗ ಸೋತಿತು. ರಕ್ತ ಹೆಪ್ಪುಗಟ್ಟಲೂ ಕ್ಯಾಲ್ಸಿಯಂ ಅಗತ್ಯವೆಂದು 1890ರಲ್ಲಿ ಫ್ರಾನ್ಸಿನ ಆರ್ತುಸ್ ಮತ್ತು ಪಾಜೆಸ್ ಕಂಡುಕೊಂಡರು. ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿದರೆ ರಕ್ತ ದ್ರವವಾಗಿಯೇ ಉಳಿಯುತ್ತದೆ. 1914ರಲ್ಲಿ ಬ್ರಸೆಲ್ಸ್‌ನ ಹುಸ್ಟಿನ್, ಬ್ಯೂನಸ್ ಐರಿಸ್‌ನ ಅಗೋಟೆ ಇದಕ್ಕಾಗಿ ಸಿಟ್ರೇಟ್ ಬಳಸಿದರು. ಮರುವರ್ಷ ನ್ಯೂಯಾರ್ಕಿನ ಲೆವಿಸೋನ್ ಶೇ. 0.2ರ ಪ್ರಮಾಣವನ್ನು ಗೊತ್ತುಮಾಡಿದ. ಮೊದಲ ಮಹಾಯುದ್ಧ ಮುಗಿಯುವ ಮೊದಲೇ ಸಿಟ್ರೇಟ್ ಬೆರೆಸಿದ ರಕ್ತ ಯುದ್ಧರಂಗಕ್ಕೆ ತಲುಪಿತ್ತು.

ಆರೋಗ್ಯವಂತರ ಯಕೃತ್ತು ಸಿಟ್ರೇಟನ್ನು ಕೆಲವೇ ನಿಮಿಷಗಳಲ್ಲಿ ಕರಗಿಸಿಬಿಡುತ್ತದೆ. ಆಘಾತಕ್ಕೊಳಗಾಗಿ ಮೈ ತಣ್ಣಗಾದವರಲ್ಲಿ ಯಕೃತ್ತಿಗೆ ರಕ್ತವೇ ಸಾಲದು. ಚೀಲಗಳು ವೇಗವಾಗಿ ಏರಿದಷ್ಟೂ ಸಿಟ್ರೇಟ್ ಶೇಖರವಾಗಿ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಆಗ ರಕ್ತದೊತ್ತಡ ಇಳಿಯುತ್ತದೆ, ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ, ರಕ್ತಸ್ರಾವ ಮುಂದುವರಿಯುತ್ತದೆ. ಈ ಸಿಟ್ರೇಟ್ ವಿಷಬಾಧೆಯನ್ನು 1955ರಲ್ಲಿ ಅಮೆರಿಕದ ಜಾನ್ ಬಂಕರ್ ಮತ್ತು ಸಂಗಡಿಗರು ವಿವರಿಸಿದರೂ ವೈದ್ಯಲೋಕ ಅದನ್ನು ಬಹುಕಾಲ ಲಘುವಾಗಿಯೇ ಕಂಡಿತು. ಅಳತೆಯೂ ಹಾದಿ ತಪ್ಪಿಸುತ್ತಿತ್ತು. ಸಿಟ್ರೇಟಿಗೆ ಅಂಟಿದ ಕ್ಯಾಲ್ಸಿಯಂ ಕೂಡ ಒಟ್ಟು ಲೆಕ್ಕದಲ್ಲಿ ಸೇರುವುದರಿಂದ ವರದಿ ಸರಿಯಿದ್ದಂತೆಯೇ ಕಾಣುತ್ತಿತ್ತು. ಅಯಾನು ಕ್ಯಾಲ್ಸಿಯಂ ಅನ್ನು ಬೇರೆಯಾಗಿ ಅಳೆಯುವ ವಿದ್ಯುದಗ್ರ 1967ರಲ್ಲಿ ಬಂದ ಮೇಲೆ, ಕ್ರಮೇಣ ಹಾಸಿಗೆಯ ಪಕ್ಕದಲ್ಲೇ ಅದನ್ನು ತಿಳಿಯುವಂತಾಯಿತು. ಲೀಟರಿಗೆ ಸುಮಾರು 1.1ರಿಂದ 1.3 ಮಿಲಿಮೋಲ್ ಸಹಜ ಮಟ್ಟ.

ಇರಾಕ್, ಅಫ್ಘಾನಿಸ್ತಾನ ಯುದ್ಧಗಳ ಅನುಭವದಿಂದ ಕೆಂಪುಕಣಗಳ ಜೊತೆಗೆ ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳನ್ನೂ ಧಾರಾಳವಾಗಿ ಕೊಡುವ ಪದ್ಧತಿ ಹಬ್ಬಿತು. ಸಿಟ್ರೇಟ್ ಹೆಚ್ಚಾಗಿರುವುದು ಇವುಗಳಲ್ಲೇ. ಅಷ್ಟರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು: ಹಲವು ಗಾಯಾಳುಗಳಲ್ಲಿ ಒಂದು ಹನಿ ರಕ್ತ ಏರಿಸುವ ಮುನ್ನವೇ ಕ್ಯಾಲ್ಸಿಯಂ ತಗ್ಗಿರುತ್ತದೆ. ತಪ್ಪೆಲ್ಲ ಸಿಟ್ರೇಟಿನದೇ ಎನ್ನುವಂತಿಲ್ಲ. ಮೈ ತಣ್ಣಗಾಗುವಿಕೆ, ಆಮ್ಲತೆ, ಹೆಪ್ಪುಗಟ್ಟದಿರುವಿಕೆ ಎಂಬ ಮಾರಕ ತ್ರಿಕೂಟಕ್ಕೆ ನಾಲ್ಕನೆಯದಾಗಿ ಕ್ಯಾಲ್ಸಿಯಂ ಕೊರತೆಯನ್ನೂ ಸೇರಿಸಬೇಕೆಂಬ ಸಲಹೆ 2020ರಲ್ಲಿ ಬಂತು.

ಮೊದಲ ರಕ್ತದ ಚೀಲದ ನಂತರ ಒಂದು ಗ್ರಾಂ ಕ್ಯಾಲ್ಸಿಯಂ ಕೊಡಬೇಕೆಂದು ಅಮೆರಿಕದ ಸೇನಾ ಚಿಕಿತ್ಸಾ ಸೂತ್ರಗಳು ಹೇಳುತ್ತವೆ. ಕ್ಯಾಲ್ಸಿಯಂ ಕಡಿಮೆಯಿರುವವರಲ್ಲಿ ಸಾವು ಹೆಚ್ಚೆಂಬುದು ನಿಜ; ಅದನ್ನು ತುಂಬಿಕೊಟ್ಟ ಮಾತ್ರಕ್ಕೆ ಸಾವು ತಪ್ಪುತ್ತದೆಂದು ಅದರಿಂದ ಸಿದ್ಧವಾಗುವುದಿಲ್ಲ.