ಹಿಪ್ ಹಾಪ್ ಹಿಸ್ಟರಿ, ಭಾಗ 4: ಡಿ ಲಾ ಸೋಲ್‌ನ ಕೂಡಾಟ

ಯಕ್ಷಗಾನದ ಕೂಡಾಟ ನೋಡಿದವರಿಗೆ ಇದು ಬೇಗ ಅರ್ಥ ಆಗ್ತದೆ. ಎರಡು ಮೇಳದವರು ಒಂದೇ ರಂಗಸ್ಥಳದಲ್ಲಿ, ಗದ್ದೆ ತುಂಬ ಜನ. ಬೆಳಿಗ್ಗೆ ಮನೆಗೆ ಬಂದ್ರೆ ಅಜ್ಜ ಕೇಳುವುದು ಒಂದೇ: "ನಮ್ಮ ಮೇಳದವರು ಹೇಗೆ ಮಾಡಿದ್ರು?"

2016ರಲ್ಲಿ ಬಂದ ಡಿ ಲಾ ಸೋಲ್ ಆಲ್ಬಮ್ 'ಆಂಡ್ ದಿ ಅನಾನಿಮಸ್ ನೋಬಡಿ' ಬಗ್ಗೆ ನಂದೂ ಅದೇ ಪ್ರಶ್ನೆ.

ಇವರು ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನ ಮೂವರು: ಪಾಸ್‌ಡನೂಸ್, ಟ್ರೂಗೊಯ್, ಮೇಸಿಯೊ. 1989ರಲ್ಲಿ ಮೊದಲ ಆಲ್ಬಮ್ 'ತ್ರೀ ಫೀಟ್ ಹೈ ಆಂಡ್ ರೈಸಿಂಗ್' ಬರುವಾಗ ಅವರಿಗೆ ಹೆಚ್ಚುಕಮ್ಮಿ ನಮ್ಮದೇ ಪ್ರಾಯ. ಪ್ರೊಡ್ಯೂಸರ್ ಪ್ರಿನ್ಸ್ ಪಾಲ್ ಜೊತೆ ಸೇರಿ ಹಳೆ ರೆಕಾರ್ಡುಗಳ ತುಂಡು ತುಂಡು ತೆಗೆದು ಹೊಸ ಹಾಡು ಹೊಲಿದ್ರು. ಸ್ಯಾಂಪ್ಲಿಂಗ್ ಅಂದ್ರೆ ಇದೇ. ಅದರಲ್ಲಿ ಟರ್ಟಲ್ಸ್ ಎಂಬ ಬ್ಯಾಂಡಿನ ತುಂಡೊಂದನ್ನು ಕೇಳದೆ ಬಳಸಿದ್ದಕ್ಕೆ ಕೇಸ್ ಬಿತ್ತು. ಕೊನೆಗೆ ಕೋರ್ಟಿನ ಹೊರಗೆ ರಾಜಿ.

ಬಿಕಾಂನವರು ಇಲ್ಲಿ ಸ್ವಲ್ಪ ಕೇಳಿ (ಎಕ್ಸಾಮಿಗೆ ಬರುವುದಿಲ್ಲ, ಆದರೂ). ಉಳಿದ ತುಂಡುಗಳಿಗೆ ಪರ್ಮಿಷನ್ ತಗೊಂಡಿದ್ದೆಲ್ಲ ಎಲ್‌ಪಿ, ಕ್ಯಾಸೆಟ್ ಲೆಕ್ಕದಲ್ಲಿ. ಮುಂದೆ ಸ್ಟ್ರೀಮಿಂಗ್ ಅಂತ ಒಂದು ಬರ್ತದೆ ಅಂತ 1989ರ ಅಗ್ರಿಮೆಂಟಲ್ಲಿ ಯಾರು ಬರೀತಾರೆ? ಹಾಗಾಗಿ ಅವರ ಮೊದಲ ಆರು ಆಲ್ಬಮ್ ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಬಂದದ್ದು 2023ರ ಮಾರ್ಚ್ 3ಕ್ಕೆ. ನಾನು ಅವರನ್ನು ಮೊದಲು ಕೇಳಿದ್ದೇ 2016ರ ಆಲ್ಬಮಲ್ಲಿ. ಅಜ್ಜನನ್ನು ನೋಡದೆ ಪುಳ್ಳಿಯನ್ನು ನೋಡಿದ ಹಾಗೆ. ಹಾಗೆ ನೋಡಿದವನು "ಥೇಟ್ ಅಜ್ಜನೇ" ಅಂತ ಹೇಗೆ ಹೇಳುವುದು ಮಾರಾಯ್ರೆ?

ಈಗ ಎರಡನ್ನೂ ಕೇಳಿ ಆಯ್ತು, ಹೇಳ್ತೇನೆ.

ಈ ಆಲ್ಬಮಿಗೆ ಕಂಪೆನಿ ದುಡ್ಡು ಹಾಕಲಿಲ್ಲ. 2015ರಲ್ಲಿ ಕಿಕ್‌ಸ್ಟಾರ್ಟರಲ್ಲಿ ಅವರು ಕೇಳಿದ್ದು 1,10,000 ಡಾಲರ್. 11,000ಕ್ಕಿಂತ ಹೆಚ್ಚು ಜನ ಸೇರಿ 6 ಲಕ್ಷ ಡಾಲರ್ ದಾಟಿಸಿದ್ರು. ನಮ್ಮಲ್ಲಿ ಹತ್ತು ಸಮಸ್ತರು ಆಟ ಆಡಿಸುವುದಿಲ್ವಾ, ಹಾಗೆ. ಇನ್ನೊಬ್ಬರ ರೆಕಾರ್ಡ್ ಮುಟ್ಟಿದ್ರೆ ಪುನಃ ಅದೇ ರಗಳೆ ಅಂತ ರಿದಮ್ ರೂಟ್ಸ್ ಆಲ್‌ಸ್ಟಾರ್ಸ್ ಎಂಬ ಬ್ಯಾಂಡಿನಿಂದ 200 ಗಂಟೆಗೂ ಮಿಕ್ಕಿ ನುಡಿಸಿ, ಅದರಿಂದಲೇ ತುಂಡು ತೆಗೆದ್ರು. ಸ್ಯಾಂಪಲ್ ಮಾಡ್ಲಿಕ್ಕೆ ತಮ್ಮದೇ ಕಣಜ! ಇಷ್ಟರ ಮಟ್ಟಿಗೆ 1989ರ ಹುಡುಗರ ತಲೆ ಹಾಗೇ ಉಂಟು.

ತೊಂದರೆ ಇರುವುದು ಅತಿಥಿ ಕಲಾವಿದರಲ್ಲಿ. ಸ್ನೂಪ್ ಡಾಗ್, ಅಷರ್, ಡೇವಿಡ್ ಬರ್ನ್, ಡೇಮನ್ ಆಲ್ಬಾರ್ನ್, ಜಿಲ್ ಸ್ಕಾಟ್... 17 ಟ್ರ್ಯಾಕಲ್ಲಿ ಎಷ್ಟು ಜನ ಬೇಕು? 'ಡ್ರಾನ್' ಹಾಡನ್ನು ಲಿಟಲ್ ಡ್ರ್ಯಾಗನ್ ಹಾಡ್ತಾ ಹೋಗ್ತಾರೆ, ಮನೆಯವರು ಕೊನೆಗೆ ಮುಖ ತೋರಿಸ್ತಾರೆ. ರಾಕ್ ಗಾಯಕ ಜಸ್ಟಿನ್ ಹಾಕಿನ್ಸ್ ಇರುವ 'ಲಾರ್ಡ್ ಇಂಟೆಂಡೆಡ್' ಅಂತೂ ಮುಗಿಯುವುದೇ ಇಲ್ಲ. ಮೊದಲ ಆಲ್ಬಮಲ್ಲಿ ಮೂವರು ಒಬ್ಬರ ಕಾಲು ಒಬ್ಬರು ಎಳೀತಾ ಇದ್ದ ಆ ತಮಾಷೆ ಇಲ್ಲಿ ಹುಡುಕಿದ್ರೂ ಕಡಿಮೆ.

'ಪೇನ್' ಬೇರೆ. ಸ್ನೂಪ್ ಬಂದು ತನ್ನ ಪಾಲು ಹೇಳಿ ಹೋಗ್ತಾರೆ, ರಂಗಸ್ಥಳ ಡಿ ಲಾ ಅವರದ್ದೇ. 'ಗ್ರೇಹೌಂಡ್ಸ್' ಇನ್ನೂ ಚಂದ. ಗ್ರೇಹೌಂಡ್ ಅಂದ್ರೆ ಅಲ್ಲಿಯ ದೂರದೂರಿನ ಬಸ್. ಸಣ್ಣ ಊರಿನ ಹುಡುಗಿ ಅದರಲ್ಲಿ ಕೂತು ನ್ಯೂಯಾರ್ಕಿಗೆ ಹೋಗುವ ಕತೆ. ಬಿ.ಸಿ. ರೋಡಲ್ಲಿ ರಾತ್ರಿ ಬೆಂಗಳೂರು ಬಸ್ಸಿಗೆ ಬ್ಯಾಗ್ ಹಿಡ್ಕೊಂಡು ಕಾಯುವವರನ್ನು ನೋಡಿದ್ದೀರಲ್ಲ, ಅವರನ್ನು ನೆನೆಸಿಕೊಂಡು ಕೇಳಿ.

ಹಾಗಾದ್ರೆ ಅಜ್ಜನಿಗೆ ನನ್ನ ಉತ್ತರ: ಆಟ ಕಟ್ಟಿದ ರೀತಿ ನಮ್ಮ ಮೇಳದವರದ್ದೇ, ವೇಷ ಮಾತ್ರ ಅರ್ಧ ರಾತ್ರಿ ಚೌಕಿಯಲ್ಲೇ ಕೂತಿತ್ತು.

ಟ್ರೂಗೊಯ್ ತೀರಿಕೊಂಡದ್ದು 2023ರ ಫೆಬ್ರವರಿ 12ಕ್ಕೆ. ಹಳೆ ಹಾಡುಗಳು ನಮ್ಮ ಫೋನಿಗೆ ಬರ್ಲಿಕ್ಕೆ ಆಗ 19 ದಿನ ಬಾಕಿ ಇತ್ತು.