ಯುದ್ಧ, ಮತಾಡಳಿತ ಮತ್ತು ಸ್ತ್ರೀಯರ ಹಕ್ಕು: ಅಫಘಾನಿಸ್ತಾನದ ಒಂದು ಶತಮಾನ

ಯುದ್ಧಗಳ ಇತಿಹಾಸವನ್ನು ಬರೆಯುವವರು ಮಡಿದ ಸೈನಿಕರ ಸಂಖ್ಯೆಯನ್ನೂ ಗೆದ್ದ ಕೋಟೆಗಳ ಹೆಸರನ್ನೂ ಒಪ್ಪಂದಗಳ ದಿನಾಂಕವನ್ನೂ ತಪ್ಪದೆ ದಾಖಲಿಸುತ್ತಾರೆ. ಆ ಯುದ್ಧಗಳಿಂದ ಮನೆಯೊಳಗೆ ಆದ ನಷ್ಟ ಮಾತ್ರ ಲೆಕ್ಕದ ಪುಸ್ತಕಕ್ಕೆ ಏರುವುದು ವಿರಳ. ಶಾಲೆ ಬಿಟ್ಟ ಬಾಲಕಿ, ಉದ್ಯೋಗ ಕಳೆದುಕೊಂಡ ಶಿಕ್ಷಕಿ, ಪತಿಯ ಮರಣಾನಂತರ ಪರಾಶ್ರಯಕ್ಕೆ ಬಿದ್ದ ವಿಧವೆ ಇವರೆಲ್ಲರೂ ಆ ನಷ್ಟವನ್ನು ಹೊತ್ತವರು. ಈ ದೃಷ್ಟಿಯಿಂದ ಅಫಘಾನಿಸ್ತಾನದ ಕಳೆದ ನೂರು ವರ್ಷಗಳ ಚರಿತ್ರೆ ಅಧ್ಯಯನಯೋಗ್ಯವಾಗಿದೆ. ಅಲ್ಲಿ ಸ್ತ್ರೀಯರಿಗೆ ಹಕ್ಕುಗಳು ಹಲವು ಬಾರಿ ದೊರೆತವು, ಹಲವು ಬಾರಿ ಕೈತಪ್ಪಿದವು. ಹಾಗಾಗಲು ಕಾರಣವೇನೆಂಬುದನ್ನು ವಿಚಾರ ಮಾಡಿದರೆ ಧರ್ಮದ ಹೆಸರಿನಲ್ಲಿ ಅಧಿಕಾರ ನಡೆಸುವ ಎಲ್ಲರಿಗೂ ಅನ್ವಯಿಸುವ ಕೆಲವು ಸತ್ಯಗಳು ಗೋಚರಿಸುತ್ತವೆ.

ಧರ್ಮಶಾಸ್ತ್ರ ಮತ್ತು ಕುಲಾಚಾರ

ಆ ನಾಡಿನಲ್ಲಿ ಸ್ತ್ರೀಯರು ಎಂದೆಂದಿಗೂ ತೆರೆಯ ಮರೆಯಲ್ಲೇ ಇದ್ದರೆಂದು ಭಾವಿಸುವುದು ಸರಿಯಲ್ಲ. ಹದಿನೈದನೆಯ ಶತಮಾನದಲ್ಲಿ ಹೆರಾತಿನಿಂದ ಆಳಿದ ಷಾರುಖನ ರಾಣಿ ಗೌಹರ್ ಶಾದ್ ಮಶ್ಹದಿನಲ್ಲಿ ಭವ್ಯ ಮಸೀದಿಯನ್ನೂ ಹೆರಾತಿನಲ್ಲಿ ವಿದ್ಯಾಕೇಂದ್ರವನ್ನೂ ಕಟ್ಟಿಸಿದಳು. 1447ರಲ್ಲಿ ಪತಿ ತೀರಿಕೊಂಡ ಮೇಲೂ ರಾಜಕಾರಣದಲ್ಲಿ ಆಕೆಯ ಮಾತಿಗೆ ತೂಕವಿತ್ತು. ಆ ಕಾರಣದಿಂದಲೇ 1457ರಲ್ಲಿ ಆಕೆಯ ಕೊಲೆಯಾಯಿತು.

ಇನ್ನೊಂದು ಅಂಶವನ್ನೂ ಇಲ್ಲಿ ಗಮನಿಸಬೇಕು. ಇಸ್ಲಾಮಿನ ಧರ್ಮಶಾಸ್ತ್ರವು ವಿವಾಹದಲ್ಲಿ ಕೊಡುವ ಮಹರ್ ಎಂಬ ಧನ ವಧುವಿನದೇ ಎನ್ನುತ್ತದೆ. ಮಗಳಿಗೂ ವಿಧವೆಗೂ ಆಸ್ತಿಯಲ್ಲಿ ಗೊತ್ತಾದ ಪಾಲನ್ನು ವಿಧಿಸುತ್ತದೆ. ಆದರೆ ಬುಡಕಟ್ಟುಗಳ ಆಚಾರದಲ್ಲಿ 'ವಲ್ವರ್' ಎಂಬ ಹಣ ವಧುವಿನ ತಂದೆಗೆ ಸಲ್ಲುತ್ತಿತ್ತು. ಇದು ನಮ್ಮ ಹಳ್ಳಿಗಳಲ್ಲಿ ಹಿಂದೆ 'ತೆರ' ಎನ್ನುತ್ತಿದ್ದ ಕನ್ಯಾಶುಲ್ಕದಂಥದೇ. ಹಣ ಕೊಟ್ಟು ತಂದ ಸೊಸೆ ವಿಧವೆಯಾದರೆ ಆಕೆಯನ್ನು ಮೈದುನನಿಗೋ ಮತ್ತೊಬ್ಬ ದಾಯಾದಿಗೋ ಮದುವೆ ಮಾಡಿ ಮನೆಯಲ್ಲೇ ಉಳಿಸಿಕೊಳ್ಳುವ ಪದ್ಧತಿಯಿತ್ತು. ಕೊಲೆಯ ವೈರವನ್ನು ತೀರಿಸಲು ಹೆಣ್ಣುಮಗಳನ್ನೇ ಎದುರು ಪಕ್ಷಕ್ಕೆ ಒಪ್ಪಿಸುವ 'ಬಾದ್' ಎಂಬ ಕ್ರೂರ ರೂಢಿಯೂ ಇತ್ತು. ಕಠೋರ ಆಡಳಿತಕ್ಕೆ ಹೆಸರಾದ ಅಮೀರ್ ಅಬ್ದುರ್ ರಹಮಾನನೇ (1880-1901) ವಿಧವೆಯನ್ನು ಗಂಡನ ಬಂಧುವಿಗೆ ಬಲವಂತವಾಗಿ ಮದುವೆ ಮಾಡಬಾರದೆಂದು ಆಜ್ಞೆ ಹೊರಡಿಸಿದನು. ಕುಲಾಚಾರವು ಶಾಸ್ತ್ರವನ್ನೂ ಮೀರಿ ಬಲಿಷ್ಠವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅರಮನೆಯಿಂದ ಬಂದ ಸುಧಾರಣೆ

1919ರಲ್ಲಿ ಪಟ್ಟಕ್ಕೆ ಬಂದ ಅಮಾನುಲ್ಲಾ ಖಾನನು ಅದೇ ವರ್ಷ ಬ್ರಿಟಿಷರೊಡನೆ ಹೋರಾಡಿ ವಿದೇಶಾಂಗ ವ್ಯವಹಾರದಲ್ಲಿ ಸ್ವಾತಂತ್ರ್ಯ ಪಡೆದನು. ಆತನ ರಾಣಿ ಸೊರಾಯಾ ವಿದ್ವಾಂಸ ಮಹಮೂದ್ ತರ್ಜಿಯ ಪುತ್ರಿ. 1921ರಲ್ಲಿ ಕಾಬೂಲಿನಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ವಿವಾಹ ಕಾನೂನು ಬಾಲ್ಯವಿವಾಹವನ್ನೂ ದುಂದಿನ ಮದುವೆಗಳನ್ನೂ ತಡೆಯಲು ಯತ್ನಿಸಿತು. 1923ರಲ್ಲಿ ಸಂವಿಧಾನ ಜಾರಿಗೆ ಬಂದಿತು. ಮರುವರ್ಷವೇ ಖೋಸ್ತ್ ಪ್ರದೇಶದಲ್ಲಿ ದಂಗೆಯೆದ್ದಿತು. ಅದು ಅಡಗಿದರೂ ಸುಧಾರಣೆಯ ಕೆಲವು ಭಾಗಗಳನ್ನು ದೊರೆ ಹಿಂದೆಗೆದುಕೊಳ್ಳಬೇಕಾಯಿತು.

1928ರಲ್ಲಿ ಯೂರೋಪಿನ ಪ್ರವಾಸದಿಂದ ಮರಳಿದ ಅಮಾನುಲ್ಲಾ ಇನ್ನಷ್ಟು ಅವಸರದಿಂದ ಮುನ್ನಡೆದನು. ಸೊರಾಯಾ ಸಾರ್ವಜನಿಕವಾಗಿ ಮುಸುಕು ತೆಗೆದಳು. ಕೆಲವು ವಿದ್ಯಾರ್ಥಿನಿಯರನ್ನು ವ್ಯಾಸಂಗಕ್ಕಾಗಿ ತುರ್ಕಿಗೆ ಕಳುಹಿಸಲಾಯಿತು. ಆ ವರ್ಷದ ನವೆಂಬರಿನಲ್ಲಿ ಶಿನ್ವಾರಿ ಬುಡಕಟ್ಟಿನವರು ಬಂಡೆದ್ದರು. 1929ರ ಜನವರಿಯಲ್ಲಿ ಹಬೀಬುಲ್ಲಾ ಕಲಕಾನಿ ಕಾಬೂಲನ್ನು ವಶಪಡಿಸಿಕೊಂಡನು. ಹೆಣ್ಣುಮಕ್ಕಳ ಶಾಲೆಗಳು ಮುಚ್ಚಿದವು. ತುರ್ಕಿಗೆ ಹೋದವರನ್ನು ಹಿಂದಕ್ಕೆ ಕರೆಸಲಾಯಿತು. ದೇಶಾಂತರ ಹೊರಟ ರಾಜದಂಪತಿಗಳಿಗೆ ಮುಂಬಯಿಯಲ್ಲಿ ಹೆಣ್ಣುಮಗು ಜನಿಸಿದಾಗ ಅದಕ್ಕೆ 'ಇಂಡಿಯಾ' ಎಂದೇ ಹೆಸರಿಟ್ಟರು.

ಆ ದಂಗೆಗೆ ರಾಣಿಯ ಮುಸುಕೊಂದೇ ಕಾರಣವೆಂಬುದು ಪೂರ್ಣ ಸತ್ಯವಲ್ಲ. ಹೊಸ ತೆರಿಗೆಗಳು, ಕಡ್ಡಾಯ ಸೈನಿಕ ಸೇವೆ, ಸಂಬಳವಿಲ್ಲದೆ ನರಳುತ್ತಿದ್ದ ಸೈನ್ಯ, ಅಧಿಕಾರಿಗಳ ಲಂಚಗುಳಿತನ ಇವೆಲ್ಲವೂ ಅಸಮಾಧಾನವನ್ನು ಬೆಳೆಸಿದ್ದವು. ಆದರೆ ತೆರಿಗೆಯ ವಿರುದ್ಧ ಜನರನ್ನು ಕೂಡಿಸುವುದಕ್ಕಿಂತ ಹೆಣ್ಣಿನ ಮಾನದ ಹೆಸರಿನಲ್ಲಿ ಕೂಡಿಸುವುದು ಸುಲಭ. ಬೇರೆ ಬೇರೆ ಅಸಮಾಧಾನಗಳಿಗೆಲ್ಲ ಸ್ತ್ರೀಯ ಉಡುಪೇ ಧ್ವಜವಾಯಿತು. ಈ ಕ್ರಮ ಮುಂದಿನ ನೂರು ವರ್ಷಗಳಲ್ಲಿ ಪುನಃ ಪುನಃ ಕಾಣಿಸಿಕೊಂಡಿತು.

ಶಾಂತಿಯ ಕಾಲದ ನಿಧಾನ ಪ್ರಗತಿ

1933ರಿಂದ 1973ರವರೆಗೆ ಜಾಹಿರ್ ಷಾ ಆಳಿದ ನಲವತ್ತು ವರ್ಷಗಳು ಬಹುಮಟ್ಟಿಗೆ ಶಾಂತಿಯ ವರ್ಷಗಳು. 1959ರ ಸ್ವಾತಂತ್ರ್ಯೋತ್ಸವದಲ್ಲಿ ಪ್ರಧಾನಿ ದಾವೂದ್ ಖಾನನ ಕಾಲದಲ್ಲಿ ರಾಜಮನೆತನದ ಹಾಗೂ ಮಂತ್ರಿಗಳ ಮನೆಯ ಸ್ತ್ರೀಯರು ಮುಸುಕಿಲ್ಲದೆ ವೇದಿಕೆಯಲ್ಲಿ ಕುಳಿತರು. ಯಾರ ಮೇಲೂ ಕಡ್ಡಾಯ ಹೇರಲಿಲ್ಲ. 1964ರ ಸಂವಿಧಾನ ಸ್ತ್ರೀಯರಿಗೂ ಮತದಾನದ ಹಕ್ಕನ್ನು ನೀಡಿತು. 1965ರ ಚುನಾವಣೆಯಲ್ಲಿ ನಾಲ್ವರು ಸ್ತ್ರೀಯರು ಕೆಳಮನೆಗೆ ಆಯ್ಕೆಯಾದರು. ಕುಬ್ರಾ ನೂರ್‌ಜಾಯಿ ಆರೋಗ್ಯ ಸಚಿವೆಯಾದರು. ಶಿಕ್ಷಕಿಯರು, ವೈದ್ಯೆಯರು, ಗುಮಾಸ್ತೆಯರು ನಗರಗಳಲ್ಲಿ ಹೆಚ್ಚಿದರು. ಈ ಪ್ರಗತಿ ಹಳ್ಳಿಗಳನ್ನು ಅಷ್ಟಾಗಿ ಮುಟ್ಟಲಿಲ್ಲವೆಂಬ ಕೊರತೆ ನಿಜ. ಆದರೂ ನೆಲೆನಿಂತ ಪ್ರಗತಿ ಬಂದೂಕಿನ ಸದ್ದಿಲ್ಲದ ಈ ಕಾಲದಲ್ಲೇ ಆಯಿತೆಂಬುದು ಗಮನಾರ್ಹ.

ಸುಗ್ರೀವಾಜ್ಞೆ ಮತ್ತು ಸಮರ

1978ರ ಏಪ್ರಿಲಿನಲ್ಲಿ ಕಮ್ಯುನಿಸ್ಟರು ಅಧಿಕಾರ ಕಸಿದುಕೊಂಡರು. ಅದೇ ಅಕ್ಟೋಬರಿನಲ್ಲಿ ಹೊರಟ ಏಳನೆಯ ಆಜ್ಞೆ ಬಲವಂತದ ಮದುವೆಯನ್ನು ನಿಷೇಧಿಸಿತು; ವಧುವಿಗೆ 16, ವರನಿಗೆ 18 ವರ್ಷವಾಗಿರಬೇಕೆಂದು ವಿಧಿಸಿತು; ವಿವಾಹಧನಕ್ಕೆ 300 ಅಫಘಾನಿಗಳ ಮಿತಿ ಹಾಕಿತು. ಉದ್ದೇಶ ಒಳ್ಳೆಯದೇ. ಆದರೆ ತಂದೆ ಪಡೆಯುವ ಕನ್ಯಾಶುಲ್ಕಕ್ಕೂ ಮಗಳ ಆಪದ್ಧನವಾದ ಮಹರಿಗೂ ಇರುವ ಅಂತರವನ್ನು ಈ ಆಜ್ಞೆ ಲೆಕ್ಕಿಸಲಿಲ್ಲ. ಪತಿ ತೊರೆದರೆ ಕೈಯಲ್ಲಿರಬೇಕಾಗಿದ್ದ ಹಣವೂ ಅಲ್ಪಮೊತ್ತಕ್ಕೆ ಇಳಿಯಿತು. ಹಳ್ಳಿಗಳಲ್ಲಿ ಸ್ತ್ರೀಯರನ್ನು ಒತ್ತಾಯದಿಂದ ಸಾಕ್ಷರತಾ ತರಗತಿಗಳಿಗೆ ಕರೆತರುವ ಯತ್ನಗಳು ನಡೆದವು. ವಿರೋಧಿಸಿದವರು ಸೆರೆಮನೆ ಸೇರಿದರು. ಸ್ತ್ರೀಶಿಕ್ಷಣವೆಂಬ ಶುಭಕಾರ್ಯಕ್ಕೆ ದಬ್ಬಾಳಿಕೆಯ ಕಳಂಕ ಅಂಟಿತು.

1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಒಳನುಗ್ಗಿ 1989ರ ಫೆಬ್ರವರಿಯವರೆಗೆ ಉಳಿಯಿತು. ಐವತ್ತು ಲಕ್ಷಕ್ಕೂ ಹೆಚ್ಚು ಜನ ಪಾಕಿಸ್ತಾನ ಹಾಗೂ ಇರಾನುಗಳಲ್ಲಿ ನಿರಾಶ್ರಿತರಾದರು. ಕಾಬೂಲಿನಲ್ಲಿ ಸ್ತ್ರೀಯರು ಕಚೇರಿ, ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ದುಡಿಯುತ್ತಿದ್ದಾಗಲೇ ಹಳ್ಳಿಗಳ ಮೇಲೆ ಬಾಂಬುಗಳು ಬೀಳುತ್ತಿದ್ದವು. ಸ್ವಂತ ಹೊಲದಲ್ಲಿ ಬಂಧುಗಳ ನಡುವೆ ಓಡಾಡಿಕೊಂಡಿದ್ದ ಹಳ್ಳಿಯ ಹೆಣ್ಣು ಶಿಬಿರದಲ್ಲಿ ಅಪರಿಚಿತರ ಮಧ್ಯೆ ಡೇರೆಯೊಳಗೇ ಉಳಿಯಬೇಕಾಯಿತು.

ಭಯವೇ ಶಾಸನವಾದ ಬಗೆ

1992ರಲ್ಲಿ ಮುಜಾಹಿದೀನ್ ಪಂಗಡಗಳು ಕಾಬೂಲನ್ನು ಪ್ರವೇಶಿಸಿ ತಮ್ಮೊಳಗೇ ಕಾದಾಡಿದವು. ರಾಕೆಟ್ಟುಗಳ ಮಳೆಯಲ್ಲಿ ನಗರ ಹಾಳಾಯಿತು. ಅಪಹರಣ, ಅತ್ಯಾಚಾರ, ಬಲವಂತದ ಮದುವೆಗಳು ಹೆಚ್ಚಿದವು. ಮಗಳನ್ನು ಶಾಲೆಗೆ ಕಳುಹಿಸಲು ಬಯಸುತ್ತಿದ್ದ ತಂದೆತಾಯಿಗಳೇ ಬಾಗಿಲಿಗೆ ಅಗಳಿ ಹಾಕಿದರು. ಯಾವ ರಾಜಾಜ್ಞೆಯೂ ಇಲ್ಲದೆ, ಭಯದಿಂದಲೇ ಹೆಣ್ಣುಮಕ್ಕಳು ಮನೆಯೊಳಗೆ ಸೇರಿದ ಕಾಲವದು.

1994ರಲ್ಲಿ ಕಂದಹಾರಿನಲ್ಲಿ ಹುಟ್ಟಿದ ತಾಲಿಬಾನ್ ಈ ಭಯದ ಮೇಲೆಯೇ ಬೆಳೆಯಿತು. ದಾರಿಗಳ್ಳರನ್ನೂ ಸುಂಕದ ಹೆಸರಿನಲ್ಲಿ ವ್ಯಾಪಾರಿಗಳನ್ನು ಸುಲಿಯುವವರನ್ನೂ ಅದು ಅಡಗಿಸಿದಾಗ ಎಷ್ಟೋ ಜನ ನಿಟ್ಟುಸಿರು ಬಿಟ್ಟರು. ರಕ್ಷಣೆ ಬಂದಿತು; ಅದರ ಬೆಲೆಯನ್ನು ಸ್ತ್ರೀಯರು ತೆರಬೇಕಾಯಿತು. ತಂದೆತಾಯಿಗಳು ಆಪತ್ಕಾಲಕ್ಕೆಂದು ಹಾಕಿದ ಅಗಳಿಯನ್ನು ಹೊಸ ಆಡಳಿತ ಧರ್ಮದ ಹೆಸರಿನಲ್ಲಿ ಶಾಶ್ವತ ಬೀಗವಾಗಿ ಮಾರ್ಪಡಿಸಿತು. 1996ರ ಸೆಪ್ಟೆಂಬರಿನಲ್ಲಿ ಕಾಬೂಲ್ ವಶವಾದೊಡನೆ ಹೆಣ್ಣುಮಕ್ಕಳ ಶಾಲೆಗಳು ಮುಚ್ಚಿದವು, ಸ್ತ್ರೀಯರ ಉದ್ಯೋಗಕ್ಕೆ ನಿಷೇಧ ಬಂದಿತು. ನಗರದ ಶಿಕ್ಷಕರಲ್ಲಿ ಬಹುಪಾಲು ಸ್ತ್ರೀಯರೇ ಆಗಿದ್ದುದರಿಂದ ಗಂಡುಮಕ್ಕಳ ಶಾಲೆಗಳೂ ಸೊರಗಿದವು. ಯುದ್ಧ ವಿಧವೆಯರನ್ನು ಸೃಷ್ಟಿಸಿತ್ತು. ಮತಾಡಳಿತ ಆ ವಿಧವೆಯರ ದುಡಿಮೆಯನ್ನು ಕಸಿದುಕೊಂಡಿತು. 2000ದ ಆಗಸ್ಟಿನಲ್ಲಿ, ವಿಶ್ವ ಆಹಾರ ಕಾರ್ಯಕ್ರಮದ ನೆರವಿನಿಂದ ವಿಧವೆಯರು ನಡೆಸುತ್ತಿದ್ದ ರೊಟ್ಟಿಯ ಭಟ್ಟಿಗಳನ್ನೂ ಮುಚ್ಚುವಂತೆ ಆಜ್ಞೆಯಾಯಿತು. ಮರುದಿನವೇ ಅದನ್ನು ಹಿಂದಕ್ಕೆ ಪಡೆಯಲಾಯಿತು.

ಇಪ್ಪತ್ತು ವರ್ಷಗಳ ಅವಕಾಶ

2001ರ ಕೊನೆಯಲ್ಲಿ ತಾಲಿಬಾನ್ ಪತನವಾಯಿತು. 2004ರ ಸಂವಿಧಾನದ 22ನೆಯ ವಿಧಿ ಸ್ತ್ರೀಪುರುಷರಿಗೆ ಸಮಾನ ಹಕ್ಕು ಕೊಟ್ಟಿತು. ಕೆಳಮನೆಯ 249 ಸ್ಥಾನಗಳಲ್ಲಿ 68 ಸ್ತ್ರೀಯರಿಗೆ ಮೀಸಲಾದವು. 2018ರ ವೇಳೆಗೆ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು 25 ಲಕ್ಷ ಹೆಣ್ಣುಮಕ್ಕಳಿದ್ದರು. ಇನ್ನೂರಕ್ಕೂ ಹೆಚ್ಚು ಸ್ತ್ರೀಯರು ನ್ಯಾಯಾಧೀಶರಾದರು. 2009ರಲ್ಲಿ ಸ್ತ್ರೀಯರ ಮೇಲಿನ ಹಿಂಸೆಯನ್ನು ತಡೆಯುವ ಕಾನೂನು ಅಧ್ಯಕ್ಷರ ಆಜ್ಞೆಯ ಮೂಲಕ ಜಾರಿಗೆ ಬಂದಿತು. 2013ರಲ್ಲಿ ಸಂಸತ್ತು ಅದನ್ನು ಅನುಮೋದಿಸಲಿಲ್ಲ.

ಆದರೆ ಗ್ರಾಮಾಂತರದಲ್ಲಿ ಯುದ್ಧ ನಿಲ್ಲಲಿಲ್ಲ. ವಿದೇಶಿ ಸೈನ್ಯದ ದಾಳಿಗಳಿಂದಲೂ ಬಂಡುಕೋರರ ಸ್ಫೋಟಗಳಿಂದಲೂ ಸಾವು ಮುಂದುವರಿಯಿತು. 2021ರ ಮೇ ತಿಂಗಳಲ್ಲಿ ಕಾಬೂಲಿನ ಶಾಲೆಯೊಂದರ ಬಳಿ ನಡೆದ ಬಾಂಬ್ ದಾಳಿಯಲ್ಲಿ 80ಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿನಿಯರು. ಅದಕ್ಕೂ ಮೊದಲೇ, 2020ರ ಫೆಬ್ರವರಿಯಲ್ಲಿ ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಸಹಿ ಹಾಕಿದ ಒಪ್ಪಂದದಲ್ಲಿ ಸೈನ್ಯ ಹಿಂತೆಗೆತದ ಗಡುವಿತ್ತು. ಸ್ತ್ರೀಯರ ಹಕ್ಕಿನ ಮಾತೇ ಇರಲಿಲ್ಲ. ಯುದ್ಧದ ಆರಂಭದಲ್ಲಿ ಯಾರ ಹೆಸರನ್ನು ಹೇಳಲಾಗಿತ್ತೋ ಅವರನ್ನು ಅಂತ್ಯದಲ್ಲಿ ಮರೆಯಲಾಯಿತು.

2021ರ ಅನಂತರ

2021ರ ಆಗಸ್ಟ್ 15ರಂದು ಕಾಬೂಲ್ ಪುನಃ ತಾಲಿಬಾನರ ವಶವಾಯಿತು. ಸೆಪ್ಟೆಂಬರಿನಲ್ಲಿ ಪ್ರೌಢಶಾಲೆಗಳು ಗಂಡುಮಕ್ಕಳಿಗೆ ಮಾತ್ರ ತೆರೆದವು. 2022ರ ಮಾರ್ಚ್ 23ರಂದು ಶಾಲೆಗೆ ಬಂದ ಬಾಲಕಿಯರನ್ನು ಅದೇ ದಿನ ಮರಳಿ ಕಳುಹಿಸಲಾಯಿತು. ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. ಸೇವಾಸಂಸ್ಥೆಗಳಲ್ಲಿ ದುಡಿಯುವುದೂ ನಿಷಿದ್ಧವಾಯಿತು. 2024ರ ಆಗಸ್ಟಿನ ಕಾನೂನು ಸಾರ್ವಜನಿಕ ಸ್ಥಳದಲ್ಲಿ ಸ್ತ್ರೀಯ ಧ್ವನಿಯನ್ನೂ ಮರೆಮಾಡಬೇಕಾದದ್ದೆಂದು ಸಾರಿತು. ಆ ವರ್ಷ ಯುನೆಸ್ಕೋ ನೀಡಿದ ಲೆಕ್ಕದಂತೆ ಕನಿಷ್ಠ 14 ಲಕ್ಷ ಬಾಲಕಿಯರು ಪ್ರೌಢಶಿಕ್ಷಣದಿಂದ ವಂಚಿತರಾಗಿದ್ದರು.

ಇದರೊಳಗಿನ ವಿರೋಧಾಭಾಸವನ್ನು ನೋಡಬೇಕು. 2021ರ ಡಿಸೆಂಬರಿನಲ್ಲಿ ಇದೇ ಆಡಳಿತ ಸ್ತ್ರೀ ಯಾರ ಸ್ವತ್ತೂ ಅಲ್ಲ, ಮದುವೆಗೆ ಆಕೆಯ ಒಪ್ಪಿಗೆ ಬೇಕು, ವಿಧವೆಗೆ ಆಸ್ತಿಯ ಪಾಲು ಸಲ್ಲಬೇಕು ಎಂದು ಆಜ್ಞೆ ಹೊರಡಿಸಿತು. ಶಾಸ್ತ್ರಸಮ್ಮತವಾದ ಮಾತು. ಆದರೆ ಓದು ಬಾರದ ವಿಧವೆ ತನ್ನ ಪಾಲಿನ ಪತ್ರವನ್ನು ಓದುವುದೆಂತು? ಪುರುಷಬಂಧುವಿಲ್ಲದೆ ಹೊರಡಲಾಗದವಳು ಅದೇ ಬಂಧುವಿನ ಮೇಲೆ ದೂರು ಕೊಡುವುದೆಂತು? ಸ್ತ್ರೀ ನ್ಯಾಯಾಧೀಶರನ್ನೆಲ್ಲ ಪೀಠದಿಂದ ಇಳಿಸಿದ ಮೇಲೆ ಆಕೆಯ ಅಳಲು ಕೇಳುವವರಾರು? ಸ್ತ್ರೀರೋಗಿಯನ್ನು ಸ್ತ್ರೀವೈದ್ಯೆಯೇ ನೋಡಬೇಕೆಂಬ ನಿರ್ಬಂಧ ಕೆಲವು ಪ್ರಾಂತ್ಯಗಳಲ್ಲಿರುವ ನಾಡಿನಲ್ಲಿ 2024ರ ಡಿಸೆಂಬರಿನಿಂದ ಸೂಲಗಿತ್ತಿ ಹಾಗೂ ದಾದಿಯರ ತರಬೇತಿಗೂ ತಡೆಬಿದ್ದಿತು. ಇಂದು ಇರುವ ವೈದ್ಯೆಯರು ವೃದ್ಧರಾದಾಗ ಹೆರಿಗೆಯ ಮನೆಗೆ ಬರುವವರು ಯಾರೆಂಬ ಪ್ರಶ್ನೆಗೆ ಆ ಆಡಳಿತದಲ್ಲಿ ಉತ್ತರವಿಲ್ಲ.

ಈ ನಿಷೇಧವನ್ನು ಇಸ್ಲಾಂ ಧರ್ಮದ ತಲೆಗೆ ಕಟ್ಟುವುದು ನ್ಯಾಯವಲ್ಲ. 2022ರಲ್ಲಿ ಈಜಿಪ್ಟಿನ ಅಲ್ ಅಜ್ಹರ್ ವಿದ್ಯಾಪೀಠದ ಮುಖ್ಯ ಇಮಾಮರು ವಿಶ್ವವಿದ್ಯಾಲಯದ ನಿರ್ಬಂಧ ಷರಿಯತ್ತಿಗೆ ವಿರುದ್ಧವೆಂದು ಘೋಷಿಸಿದರು. ಇಸ್ಲಾಮೀ ರಾಷ್ಟ್ರಗಳ ಸಂಘಟನೆಯೂ ಖಂಡಿಸಿತು. 2025ರ ಜುಲೈಯಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ತಾಲಿಬಾನಿನ ಪರಮೋಚ್ಚ ನಾಯಕ ಹಾಗೂ ಮುಖ್ಯ ನ್ಯಾಯಾಧೀಶರ ಬಂಧನಕ್ಕೆ ವಾರಂಟು ಹೊರಡಿಸಿತು.

ಚರಿತ್ರೆಯ ಬೋಧೆ

ಈ ಶತಮಾನದಿಂದ ಕಲಿಯಬೇಕಾದುದು ಎರಡು ಸಂಗತಿ. ಮೊದಲನೆಯದು, ಯುದ್ಧ ಭಯವನ್ನು ಬಿತ್ತುತ್ತದೆ. ಭಯಗೊಂಡ ಸಮಾಜ ರಕ್ಷಣೆಯ ಹೆಸರಿನಲ್ಲಿ ಮೊದಲು ಒಪ್ಪಿಸಿಬಿಡುವುದು ತನ್ನ ಹೆಣ್ಣುಮಕ್ಕಳ ಸ್ವಾತಂತ್ರ್ಯವನ್ನು. ಎರಡನೆಯದು, ಆಜ್ಞೆಯ ಮೂಲಕ ಬಂದ ಹಕ್ಕು ಮತ್ತೊಂದು ಆಜ್ಞೆಯ ಮೂಲಕ ಹೋಗುತ್ತದೆ. ಶಾಲೆ, ಆಸ್ತಿಪತ್ರ, ದುಡಿಮೆ, ನ್ಯಾಯಸ್ಥಾನ ಇವು ಹಳ್ಳಿಹಳ್ಳಿಗೂ ತಲುಪಿದಾಗ ಮಾತ್ರ ಅದನ್ನು ಕೀಳುವುದು ಕಷ್ಟವಾಗುತ್ತದೆ. ಯಾವ ಮತದ ಅನುಯಾಯಿಗಳೂ ಇದನ್ನು ಪರರ ಕಥೆಯೆಂದು ಓದಿ ಮುಗಿಸಬಾರದು. ಶಾಸ್ತ್ರವು ಕೊಟ್ಟದ್ದನ್ನು ರೂಢಿ ಕಸಿದುಕೊಳ್ಳುವುದು, ರೂಢಿಯನ್ನೇ ಶಾಸ್ತ್ರವೆಂದು ಕರೆಯುವುದು ಎಲ್ಲ ಸಮಾಜಗಳಲ್ಲೂ ನಡೆದಿದೆ. ಧರ್ಮಸಂಸ್ಥೆಗಳ ಆಡಳಿತ ಹೊತ್ತವರು ತಮ್ಮ ನಿರ್ಣಯಗಳಲ್ಲಿ ಸ್ತ್ರೀಯರ ಸಮ್ಮತಿ ಎಷ್ಟಿದೆ, ತಮ್ಮ ದತ್ತಿಗಳಲ್ಲಿ ಹೆಣ್ಣುಮಕ್ಕಳ ವಿದ್ಯೆಗೆ ಪಾಲೆಷ್ಟಿದೆ ಎಂದು ಶಾಂತಿಯ ಕಾಲದಲ್ಲೇ ಪರಿಶೀಲಿಸಿಕೊಳ್ಳುವುದು ಉಚಿತ.

ಮೊದಲ ತಾಲಿಬಾನ್ ಆಡಳಿತದಲ್ಲಿ ಹೆರಾತಿನ ಸ್ತ್ರೀಯರು ಹೊಲಿಗೆಯ ತರಗತಿಯೆಂಬ ನೆಪದಲ್ಲಿ ಒಂದೆಡೆ ಸೇರಿ ಸಾಹಿತ್ಯವನ್ನು ಅಭ್ಯಾಸ ಮಾಡಿದರು. 2021ರ ಅನಂತರವೂ ಮನೆಯ ಕೋಣೆಗಳಲ್ಲಿ ಗುಟ್ಟಾಗಿ ಪಾಠಗಳು ನಡೆದಿವೆ. ಕಲಿಸುವವರಿಗೂ ಕಲಿಯುವವರಿಗೂ ಅದರ ಅಪಾಯ ತಿಳಿದಿದೆ. ಆದರೂ ಬಾಲಕಿಯರು ಬರುತ್ತಾರೆ.